ಹುಲ್ಲು–ಜಿಂಕೆ–ಹುಲಿ ಬಿಟ್ಟು ಬೇರೆ ಉದಾಹರಣೆ ಬೇಕು: ನಮ್ಮ ಕೊಡಗಿನಲ್ಲಿ ಆಹಾರದ ಶಕ್ತಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆ?

ಪೊನ್ನಂಪೇಟೆ ಟೀಚರ್

ಎಲ್ಲರಿಗೂ ನಮಸ್ಕಾರ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಆಹಾರ ಸರಪಳಿ, ಆಹಾರ ಜಾಲದ ಪಾಠ ಶುರು ಮಾಡಬೇಕಿದೆ. ಒಂದು ಮೆಟ್ಟಿಲಿನ ಜೀವಿಗಳಲ್ಲಿರುವ ಶಕ್ತಿಯಲ್ಲಿ ಹತ್ತನೇ ಒಂದು ಪಾಲು ಮಾತ್ರ ಅವನ್ನು ತಿನ್ನುವ ಮೇಲಿನ ಮೆಟ್ಟಿಲಿಗೆ ಹೋಗುತ್ತದೆ ಅನ್ನುವ ಹತ್ತು ಪರ್ಸೆಂಟ್ ನಿಯಮ ಮಕ್ಕಳಿಗೆ ಬಾಯಿಪಾಠ ಬರುತ್ತದೆ. ಹುಲ್ಲು, ಮಿಡತೆ, ಕಪ್ಪೆ, ಹಾವು, ಹದ್ದು ಅಂತ ಬಾಣ ಹಾಕಿ ಬರೆಯುತ್ತಾರೆ. ಉಳಿದ ತೊಂಬತ್ತು ಎಲ್ಲಿ ಹೋಯಿತು ಅಂತ ಕೇಳಿದರೆ ಮಾತ್ರ ಯಾರೂ ಬಾಯಿ ಬಿಡುವುದಿಲ್ಲ.

ಇವರೆಲ್ಲ ಕಾಫಿ ತೋಟದ ಒಳದಾರಿಯಲ್ಲಿ, ಗದ್ದೆ ಬದುವಿನ ಮೇಲೆ ನಡೆದು ಶಾಲೆಗೆ ಬರುವ ಮಕ್ಕಳು. ಅವರು ದಿನಾ ನೋಡುವ ಗಿಡ, ಹುಳು, ಹಕ್ಕಿಯಿಂದಲೇ ಪಾಠ ಮಾಡಬೇಕು ಅಂತ ನನಗೆ ಆಸೆ. ನಿಮ್ಮ ನಿಮ್ಮ ಜಾಗದಲ್ಲಿ ಯಾವುದು ಯಾವುದನ್ನು ತಿನ್ನುತ್ತದೆ ಅಂತ ಬರೆದು ತಿಳಿಸಿ.

ಇನ್ನೊಂದು ವಿಷಯ. ತೋಟದ ಕೆಲಸಗಾರರ ಲೈನ್ ಮನೆಯಿಂದ ಬರುವ ಒಬ್ಬ ಹುಡುಗಿ ಕೇಳಿದಳು: "ಮಿಸ್, ನಮ್ಮ ತೋಟದಲ್ಲಿ ಕಾಫಿ ಎಲೆಯನ್ನು ದನವೂ ತಿನ್ನಲ್ಲ, ಜಿಂಕೆಯೂ ತಿನ್ನಲ್ಲ. ಹಾಗಾದ್ರೆ ಆ ಎಲೆಯಲ್ಲಿರೋ ಶಕ್ತಿ ಯಾರಿಗೆ ಹೋಗುತ್ತೆ?" ಎಷ್ಟು ಒಳ್ಳೆಯ ಪ್ರಶ್ನೆ ನೋಡಿ. ಒಂದೇ ಸಾಲಿನಲ್ಲಿ ಉತ್ತರ ಹೇಳಿ ಮುಗಿಸಲು ನನಗೆ ಮನಸ್ಸಾಗಲಿಲ್ಲ.

ಶನಿವಾರಸಂತೆ ಗದ್ದೆ

ಟೀಚರ್, ಗದ್ದೆಯಿಂದ ಶುರು ಮಾಡಿ. ಇಷ್ಟು ಸುಲಭವಾಗಿ ಕಣ್ಣಿಗೆ ಕಾಣುವ ಜಾಗ ಬೇರೆ ಇಲ್ಲ.

ಭತ್ತದ ಎಲೆಗೆ ಎಲೆಸುರುಳಿ ಹುಳು, ಮಿಡತೆ ಬರುತ್ತವೆ. ಅವನ್ನು ಕಪ್ಪೆ, ಜೇಡ, ಏರೋಪ್ಲೇನ್ ಚಿಟ್ಟೆ ಹಿಡಿಯುತ್ತವೆ. ಕಪ್ಪೆಗೆ ನೀರುಹಾವು ಇದೆ, ಬೆಳ್ಳಕ್ಕಿ ಇದೆ. ಹಾವಿಗೆ ಹಾವುಗಿಡುಗ ಇದೆ. ಕಾಳು ಕಟ್ಟಿದ ಮೇಲೆ ಇಲಿ ಬರುತ್ತದೆ. ಇಲಿಯ ಹಿಂದೆ ಕೇರೆಹಾವು, ರಾತ್ರಿ ಹೊತ್ತು ಗೂಬೆ. ಬದುವಿನಲ್ಲಿ ತೂತು ಕೊರೆಯುವ ಏಡಿ ಕೊಳೆತ ಸೊಪ್ಪನ್ನೂ ತಿನ್ನುತ್ತದೆ, ಎಳೆ ಪೈರನ್ನೂ ಕತ್ತರಿಸುತ್ತದೆ, ಸತ್ತ ಮೀನನ್ನೂ ಬಿಡುವುದಿಲ್ಲ. ಆ ಏಡಿಯನ್ನು ನರಿ ತಿನ್ನುತ್ತದೆ, ಮಳೆಗಾಲದಲ್ಲಿ ನಾವೂ ಸಾರು ಮಾಡುತ್ತೇವೆ.

ಏಡಿಯನ್ನು ಯಾವ ಮೆಟ್ಟಿಲಲ್ಲಿ ಕೂರಿಸುತ್ತೀರಿ ಅಂತ ಮಕ್ಕಳನ್ನು ಕೇಳಿ. ಒಂದೇ ಸಾಲಿನ ಸರಪಳಿ ಯಾಕೆ ಸಾಲುವುದಿಲ್ಲ ಅಂತ ಅವರಿಗೇ ಗೊತ್ತಾಗುತ್ತದೆ.

ಅರಣ್ಯ ಕಾಲೇಜು ವಿದ್ಯಾರ್ಥಿ

ನಮಸ್ತೆ ಮೇಡಂ. ಆ ಹುಡುಗಿಯ ಪ್ರಶ್ನೆಯನ್ನೇ ಬೋರ್ಡಿನ ಮೇಲೆ ಬರೆದು ಪಾಠ ಶುರು ಮಾಡಿ. ಪುಸ್ತಕದ ಸರಪಳಿ ಬಿಟ್ಟುಬಿಡುವ ದೊಡ್ಡ ಭಾಗಕ್ಕೇ ಅವಳು ಕೈ ಇಟ್ಟಿದ್ದಾಳೆ.

ಮೊದಲು ಬಿಸಿಲಿನ ಲೆಕ್ಕ ನೋಡೋಣ. ನಮ್ಮ ದೇಶದಲ್ಲಿ ಸರಾಸರಿ ಒಂದು ಚದರ ಮೀಟರ್ ನೆಲದ ಮೇಲೆ ದಿನಕ್ಕೆ 4ರಿಂದ 6 ಯೂನಿಟ್ ಕರೆಂಟಿನಷ್ಟು ಬಿಸಿಲು ಬೀಳುತ್ತದೆ. ಒಂದು ಯೂನಿಟ್ ಅಂದರೆ 860 ಕಿಲೊಕ್ಯಾಲರಿ. ವರ್ಷಕ್ಕೆ ಕೂಡಿಸಿದರೆ ಚದರ ಮೀಟರಿಗೆ ಸುಮಾರು 15 ಲಕ್ಷ ಕಿಲೊಕ್ಯಾಲರಿ ಆಗುತ್ತದೆ. ನಮ್ಮಲ್ಲಿ ಜೂನ್‌ನಿಂದ ಮೋಡ ಕವಿದುಕೊಳ್ಳುತ್ತದೆ, ಅದಕ್ಕೆ ಸ್ವಲ್ಪ ಕಡಿಮೆ ಇಟ್ಟುಕೊಳ್ಳಿ. ಗಿಡಗಳು ಇದರಲ್ಲಿ ಹಿಡಿದಿಡುವುದು ಸುಮಾರು ನೂರಕ್ಕೆ ಒಂದು ಪಾಲು. ಆ ಒಂದು ಪಾಲಿನಲ್ಲೂ ಅರ್ಧದಷ್ಟನ್ನು ಗಿಡ ತನ್ನ ಉಸಿರಾಟಕ್ಕೇ ಖರ್ಚು ಮಾಡುತ್ತದೆ. ಉಳಿದದ್ದು ಎಲೆ, ಕಾಂಡ, ಬೇರು, ಹಣ್ಣಾಗುತ್ತದೆ. ಬೇರೆ ಜೀವಿಗಳಿಗೆಲ್ಲ ಸಿಗುವುದು ಇಷ್ಟೇ.

ಈಗ ಆ ಹುಡುಗಿಯ ಪ್ರಶ್ನೆ. ಕಾಡಿನಲ್ಲಿ ಬೆಳೆಯುವ ಎಲೆಯಲ್ಲಿ ಹಸಿಯಾಗಿರುವಾಗಲೇ ಯಾರಾದರೂ ತಿನ್ನುವುದು ಸಾಮಾನ್ಯವಾಗಿ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ. ಜಿಂಕೆ, ಕಡವೆ, ಕಾಟಿ, ಕಂಬಳಿಹುಳು, ಕೋತಿ ಎಲ್ಲ ಸೇರಿ ತಿಂದರೂ ಅಷ್ಟೇ. ಉಳಿದದ್ದು ಹಣ್ಣೆಲೆಯಾಗಿ ಉದುರುತ್ತದೆ. ಕಾಫಿ ಎಲೆಯಂತೂ ಇನ್ನೂ ಕಷ್ಟದ ಊಟ, ಅದರಲ್ಲಿ ಕೆಫೀನ್ ಇದೆ. ಹುಳುಗಳನ್ನು ದೂರ ಇಡಲು ಗಿಡಕ್ಕೆ ಅದೂ ಒಂದು ಉಪಾಯ.

ಹಾಗಾಗಿ ಶಕ್ತಿ ಹೋಗುವ ದೊಡ್ಡ ದಾರಿ ಕಾಲ ಕೆಳಗೆ ಇದೆ. ತರಗೆಲೆಗೆ ಮೊದಲು ಬೂಷ್ಟು ಮತ್ತು ಬ್ಯಾಕ್ಟೀರಿಯಾ ಹತ್ತುತ್ತವೆ. ಎಲೆ ಮೆತ್ತಗಾದ ಮೇಲೆ ಎರೆಹುಳು, ಚೋರಟೆ, ಗೆದ್ದಲು ತಿನ್ನುತ್ತವೆ. ಬೂಷ್ಟನ್ನು ಮೇಯುವ, ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಗಳಿವೆ. ಇವನ್ನೆಲ್ಲ ಬೇಟೆಯಾಡಲು ಜೇಡ, ಶತಪದಿ, ಚೇಳು ಬರುತ್ತವೆ. ಆಮೇಲೆ ಕಪ್ಪೆ, ಹಲ್ಲಿ, ಕಾಡುಕೋಳಿ. ಚಳಿಗಾಲದಲ್ಲಿ ನಮ್ಮ ತೋಟಗಳಿಗೆ ಬರುವ ನವರಂಗ ಹಕ್ಕಿ ತರಗೆಲೆ ಕೆದಕಿ ಹುಳು ಹೆಕ್ಕುವುದನ್ನು ನೀವೆಲ್ಲ ನೋಡಿರುತ್ತೀರಿ. ಬೇಸಿಗೆ ಬಂದರೆ ಅದು ಮರಿ ಮಾಡಲು ಮಧ್ಯ ಭಾರತಕ್ಕೆ, ಹಿಮಾಲಯದ ತಪ್ಪಲಿಗೆ ಹಾರುತ್ತದೆ. ಆ ಹಾರಾಟಕ್ಕೆ ಬೇಕಾದ ಕೊಬ್ಬಿನಲ್ಲಿ ಒಂದು ಪಾಲು ಪೊನ್ನಂಪೇಟೆಯ ತರಗೆಲೆಯಿಂದ ಬಂದದ್ದು ಅಂತ ಆ ಹುಡುಗಿಗೆ ಹೇಳಿ.

ಸಿದ್ದಾಪುರ ತೋಟ

ಒಳ್ಳೆ ವಿಷಯ ಎತ್ತಿದಿರಿ ಟೀಚರ್. ತರಗೆಲೆ ಬಗ್ಗೆ ನನಗೆ ಹೇಳೋದು ಜಾಸ್ತಿ ಇದೆ.

ನಮ್ಮದು ರೊಬಸ್ಟಾ ತೋಟ. ಮೇಲೆ ಅತ್ತಿ, ಬಸರಿ, ಹಲಸು, ನಂದಿ, ಬೀಟೆ ಇವೆ. ನಡುನಡುವೆ ಸಿಲ್ವರ್ ಮರ. ವರ್ಷಕ್ಕೆ ಹೆಕ್ಟೇರಿಗೆ ಹಲವು ಟನ್ ಎಲೆ ಉದುರುತ್ತದೆ. ನಮ್ಮ ತಂದೆಯವರ ಕಾಲದಿಂದ ಅದನ್ನು ಗುಡಿಸಿ ಸುಟ್ಟವರಲ್ಲ. ಗಿಡಗಳ ಸಾಲಿನ ನಡುವೆ ತೋಡಿದ ತೊಟ್ಟಿಲು ಗುಂಡಿಗೆ ತುಂಬುತ್ತೇವೆ, ಉಳಿದದ್ದು ಗಿಡದ ಬುಡಕ್ಕೆ. ಅತ್ತಿ, ಹಾಲುವಾಣದ ಎಲೆ ಬೇಗ ಕರಗುತ್ತದೆ. ಸಿಲ್ವರ್ ಎಲೆ ಗಟ್ಟಿ, ಹಾಗೇ ಕೂತಿರುತ್ತದೆ. ತರಗೆಲೆ ದಪ್ಪಗಿರುವ ಕಡೆ ಕೋಲು ಹಾಕಿ ಎತ್ತಿದರೆ ಬಿಳಿ ನೂಲಿನಂಥ ಬೂಷ್ಟು ಹರಡಿರುತ್ತದೆ. ಕಾಡುಕೋಳಿ ಅಲ್ಲೇ ಕೆರೆಯೋದು, ಗುಡಿಸಿದ ಜಾಗಕ್ಕೆ ಬರೋದೇ ಇಲ್ಲ.

ಇನ್ನು ಆನೆ. ನಮ್ಮ ಕಡೆ ಆನೆ ಇಲ್ಲದೆ ಯಾವ ಮಾತೂ ಮುಗಿಯೋದಿಲ್ಲ. ಹಲಸು ಹಣ್ಣಾಗುವ ಹೊತ್ತಿಗೆ ತೋಟಕ್ಕೆ ಬರುತ್ತವೆ. ಬೇಲಿ, ಪೈಪು, ಕಾಫಿ ಗಿಡ ಎಲ್ಲ ಹೋಗುತ್ತದೆ, ಅದರ ಸಂಕಟ ಇಲ್ಲಿ ಎಲ್ಲರಿಗೂ ಗೊತ್ತು. ಆದರೆ ಲದ್ದಿಯನ್ನು ಒಮ್ಮೆ ಕೆದಕಿ ನೋಡಿ. ನಾರು ನಾರಾಗಿ, ಅರ್ಧ ಜೀರ್ಣವೇ ಆಗಿರೋದಿಲ್ಲ. ಹಲಸಿನ ಬೀಜ, ಒಮ್ಮೊಮ್ಮೆ ಕಾಫಿ ಬೀಜ ಕೂಡ ಹಾಗೇ ಇರುತ್ತದೆ. ಅಷ್ಟು ದೊಡ್ಡ ಪ್ರಾಣಿ ತಿಂದದ್ದನ್ನು ಯಾಕೆ ಹೀಗೆ ಬಿಡುತ್ತದೆ? ಕಾಲೇಜಿನವರು ಹೇಳಬೇಕು.

ಅರಣ್ಯ ಕಾಲೇಜು ವಿದ್ಯಾರ್ಥಿ

ಅಣ್ಣ, ಆನೆಯ ಹೊಟ್ಟೆಯಲ್ಲಿ ಊಟ ಬೇಗ ದಾಟಿಹೋಗುತ್ತದೆ. ದನದ ಹಾಗೆ ಮೆಲುಕು ಹಾಕುವುದಿಲ್ಲ. ತಿಂದದ್ದರಲ್ಲಿ ಅರ್ಧಕ್ಕಿಂತ ಕಡಿಮೆಯೇ ಮೈಗೆ ಹತ್ತುವುದು, 40–45 ಪರ್ಸೆಂಟ್ ಅಂತ ಲೆಕ್ಕ. ದೊಡ್ಡ ಆನೆ ದಿನಕ್ಕೆ 150 ಕಿಲೋ ಮೇವು ತಿನ್ನುತ್ತದೆ ಅಂದರೆ ಅದರಲ್ಲಿ ಅರ್ಧಕ್ಕಿಂತ ಹೆಚ್ಚಿನ ಶಕ್ತಿ ಲದ್ದಿಯಾಗಿ ನೆಲಕ್ಕೆ ಬಂತು. ಅದು ಸಗಣಿ ಹುಳುವಿಗೆ, ಗೆದ್ದಲಿಗೆ, ಅಣಬೆಗೆ ಊಟ. ಸಗಣಿ ಹುಳು ಹಿಡಿಯಲು ಹಕ್ಕಿ ಬರುತ್ತದೆ, ಮುಂಗುಸಿ ಬರುತ್ತದೆ.

"ಉಳಿದ ತೊಂಬತ್ತು ಎಲ್ಲಿ?" ಅನ್ನುವುದಕ್ಕೆ ಅರ್ಧ ಉತ್ತರ ಇಲ್ಲೇ ಇದೆ. ಶಕ್ತಿ ಮೂರು ಕಡೆ ಜಾರುತ್ತದೆ. ಕೆಲವನ್ನು ಯಾರೂ ತಿನ್ನುವುದೇ ಇಲ್ಲ. ತಿಂದದ್ದರಲ್ಲಿ ಒಂದಷ್ಟು ಜೀರ್ಣ ಆಗದೆ ಹೊರಗೆ ಬರುತ್ತದೆ. ಜೀರ್ಣ ಆದದ್ದರಲ್ಲಿ ಬಹುಪಾಲು ಉಸಿರಾಟಕ್ಕೆ, ಓಡಾಟಕ್ಕೆ, ಮೈ ಬಿಸಿ ಇಟ್ಟುಕೊಳ್ಳಲು ಖರ್ಚಾಗಿ ಶಾಖವಾಗಿ ಗಾಳಿಗೆ ಸೇರುತ್ತದೆ. ಮೊದಲಿನ ಎರಡು ಪಾಲು ಕೊಳೆಸುವ ಜೀವಿಗಳಿಗೆ ಸಿಗುತ್ತದೆ. ಮೂರನೆಯದು ಯಾರಿಗೂ ವಾಪಸ್ ಸಿಗುವುದಿಲ್ಲ. ಸಾರಜನಕ, ರಂಜಕ ಮಣ್ಣಿಗೆ ಬಂದು ಮತ್ತೆ ಬೇರಿಗೆ ಹತ್ತುತ್ತವೆ. ಶಾಖವಾಗಿ ಹೋದ ಶಕ್ತಿ ಹಾಗೆ ತಿರುಗಿ ಬರುವುದಿಲ್ಲ. ಅದಕ್ಕೇ ಸೂರ್ಯ ದಿನಾ ಬೇಕು.

ಮಕ್ಕಳಿಗೆ ನಿಜವಾಗಿ ಅಳೆದ ಅಂಕಿ ಬೇಕಾದರೆ ಪರಿಸರ ವಿಜ್ಞಾನಿ ಹೊವರ್ಡ್ ಓಡಮ್ ಅವರದು ಕೊಡಿ. ಅಮೆರಿಕದ ಫ್ಲಾರಿಡಾದಲ್ಲಿ ಸಿಲ್ವರ್ ಸ್ಪ್ರಿಂಗ್ಸ್ ಅನ್ನುವ ತಿಳಿನೀರಿನ ಚಿಲುಮೆ ಇದೆ. ಅವರು ಅಲ್ಲಿ ಅಳೆದು 1957ರಲ್ಲಿ ಪ್ರಕಟಿಸಿದರು. ಚದರ ಮೀಟರಿಗೆ ವರ್ಷಕ್ಕೆ ಬಿದ್ದ ಬಿಸಿಲು ಸುಮಾರು 17 ಲಕ್ಷ ಕಿಲೊಕ್ಯಾಲರಿ. ನೀರಿನ ಗಿಡಗಳು ಹಿಡಿದದ್ದು 20,810. ಗಿಡಗಳ ಉಸಿರಾಟ ಕಳೆದು ಉಳಿದದ್ದು 8,833. ಸಸ್ಯ ತಿನ್ನುವವಕ್ಕೆ ಹೋದದ್ದು 3,368. ಅವನ್ನು ತಿನ್ನುವವಕ್ಕೆ 383. ಎಲ್ಲಕ್ಕಿಂತ ಮೇಲಿನ ಬೇಟೆಗಾರ ಮೀನುಗಳಿಗೆ 21. ಕೊಳೆಸುವ ಜೀವಿಗಳಿಗೆ ಹೋದದ್ದು 5,060, ಅಂದರೆ ಸಸ್ಯ ತಿನ್ನುವವುಗಳಿಗಿಂತ ಹೆಚ್ಚು.

ಗಿಡಗಳು ಹಿಡಿದ 20,810ರಿಂದ ಶುರು ಮಾಡಿ, ತಿನ್ನುವವರ ಮೆಟ್ಟಿಲಿಂದ ಮೆಟ್ಟಿಲಿಗೆ ಭಾಗಿಸಿ ನೋಡಿ. 16 ಪರ್ಸೆಂಟ್, 11 ಪರ್ಸೆಂಟ್, ಐದೂವರೆ ಪರ್ಸೆಂಟ್ ಹೀಗೆ ಬರುತ್ತದೆ. ಹತ್ತು ಅನ್ನುವುದು ಸರಾಸರಿ ಮಾತು. ದಯವಿಟ್ಟು ಅದನ್ನು ಕಡ್ಡಾಯ ಕಾನೂನಿನ ಹಾಗೆ ಕಲಿಸಬೇಡಿ.

ಹಂದಿ ಸಾಕಣೆ, ಗೋಣಿಕೊಪ್ಪ

ನನಗೆ ಇಲ್ಲೇ ಅನುಮಾನ. ನಾವು ಹಂದಿ ಸಾಕುವವರು. ಮೂರು ಕಿಲೋ ಫೀಡ್ ಹಾಕಿದರೆ ಸರಿಸುಮಾರು ಒಂದು ಕಿಲೋ ತೂಕ ಬರುತ್ತದೆ. ಅಂದರೆ 33 ಪರ್ಸೆಂಟ್ ಆಯಿತಲ್ಲ. ಬ್ರಾಯ್ಲರ್ ಕೋಳಿಯವರು ಎರಡು ಕಿಲೋಗಿಂತ ಕಡಿಮೆಗೂ ತರುತ್ತಾರೆ. ಹತ್ತು ಪರ್ಸೆಂಟ್ ಅನ್ನೋದು ನಮ್ಮ ಗೂಡಿನಲ್ಲಿ ನಡೆಯಲ್ಲ. ಮಕ್ಕಳು ಈ ಪ್ರಶ್ನೆ ಕೇಳೇ ಕೇಳ್ತಾರೆ ಟೀಚರ್, ಅರ್ಧ ಕ್ಲಾಸಿನ ಮನೆಯಲ್ಲಿ ಹಂದಿಯೋ ಕೋಳಿಯೋ ಇರುತ್ತೆ.

ಅರಣ್ಯ ಕಾಲೇಜು ವಿದ್ಯಾರ್ಥಿ

ಬಹಳ ಒಳ್ಳೆಯ ಪ್ರಶ್ನೆ ಅಣ್ಣ. ಬಿಡಿಸಿ ನೋಡೋಣ.

ಮೊದಲನೆಯದು ನೀರು. ನಿಮ್ಮ ಫೀಡ್ ಒಣಗಿದ್ದು. ಹಂದಿಯ ಮೈಯಲ್ಲಿ ಅರ್ಧಕ್ಕಿಂತ ಹೆಚ್ಚು ನೀರು. ಕಿಲೋಗೆ ಕಿಲೋ ಹೋಲಿಸಿದರೆ ನೀರನ್ನೂ ಮಾಂಸದ ಲೆಕ್ಕಕ್ಕೆ ಸೇರಿಸಿದ ಹಾಗೆ. ಶಕ್ತಿಯ ಲೆಕ್ಕಕ್ಕೆ ತಂದರೆ ನಿಮ್ಮ ಮೂರನೇ ಒಂದು ಭಾಗ ಇನ್ನೂ ಇಳಿಯುತ್ತದೆ.

ಎರಡನೆಯದು ವಯಸ್ಸು. ಬೆಳೆಯುವ ಮರಿಯನ್ನು ತೂಕ ಬಂದ ಕೂಡಲೇ ಕೊಡುತ್ತೀರಿ. ಬೆಳೆದು ನಿಂತ ಹಂದಿಗೆ ವರ್ಷಗಟ್ಟಲೆ ಫೀಡ್ ಹಾಕಿ ನೋಡಿ, ತೂಕ ಏರುವುದು ನಿಂತುಹೋಗುತ್ತದೆ, ಊಟ ಮಾತ್ರ ನಿಲ್ಲುವುದಿಲ್ಲ. ತಾಯಿ ಹಂದಿಗೆ ಹಾಕಿದ ಫೀಡ್, ಸತ್ತ ಮರಿಗಳು ತಿಂದದ್ದು ಎಲ್ಲ ಸೇರಿಸಿದರೆ ನಿಮ್ಮ ಇಡೀ ಗೂಡಿನ ಲೆಕ್ಕ ಇನ್ನೂ ಕೆಳಗೆ ಬರುತ್ತದೆ.

ಮೂರನೆಯದು ಬದುಕು. ನಿಮ್ಮ ಹಂದಿ ಮೇವು ಹುಡುಕಿ ನಡೆಯಬೇಕಿಲ್ಲ. ಹುಲಿ ಬಂತು ಅಂತ ಓಡಬೇಕಿಲ್ಲ. ಪುಡಿ ಮಾಡಿದ ಜೋಳ, ಸೋಯಾ ಸುಲಭವಾಗಿ ಜೀರ್ಣ ಆಗುತ್ತದೆ. ಕಾಡುಹಂದಿಗೆ ಇದ್ಯಾವ ಅನುಕೂಲವೂ ಇಲ್ಲ. ಕಾಡಿನ ಸಸ್ತನಿಗಳು ಜೀರ್ಣ ಮಾಡಿಕೊಂಡ ಶಕ್ತಿಯಲ್ಲಿ ಹೊಸ ಮೈಯಾಗಿ ಉಳಿಸುವುದು ನೂರಕ್ಕೆ ಒಂದರಿಂದ ಮೂರು ಪಾಲು ಮಾತ್ರ. ಹಕ್ಕಿಗಳದ್ದೂ ಹಾಗೇ. ಬಿಸಿರಕ್ತ ಬಹಳ ದುಬಾರಿ. ಮೀನು ಹತ್ತರಷ್ಟು ಉಳಿಸುತ್ತದೆ, ಎಷ್ಟೋ ಕೀಟಗಳು ನಲವತ್ತರಷ್ಟು. ತೋಟದಲ್ಲಿ ಹುಳುಗಳು ಅಷ್ಟೊಂದು ಇರಲು ಇದೂ ಒಂದು ಕಾರಣ.

ಇನ್ನೊಂದು ಮಾತು. ನಿಮ್ಮ ಫೀಡಿನ ಮೆಕ್ಕೆಜೋಳ ಕೊಡಗಿನದ್ದಾ?

ಹಂದಿ ಸಾಕಣೆ, ಗೋಣಿಕೊಪ್ಪ

ಇಲ್ಲ, ದಾವಣಗೆರೆ, ಹಾವೇರಿ ಕಡೆಯಿಂದ ಬರುತ್ತದೆ. ಜೊತೆಗೆ ಹೋಟೆಲಿನ ಉಳಿಕೆ ಅನ್ನ, ತರಕಾರಿ ಹಾಕುತ್ತೇವೆ.

ಹಾಗಾದರೆ ನಮ್ಮೂರ ಪಂದಿಕರಿಯಲ್ಲಿ ಇರೋದು ದಾವಣಗೆರೆ ಹೊಲದ ಬಿಸಿಲು ಅಂತಾಯಿತು. ಅದಕ್ಕೆ ಹಾಕುವ ಹುಳಿ, ಕಾಚಂಪುಳಿ ಮಾತ್ರ ನಮ್ಮದು! ಇದನ್ನು ಮಕ್ಕಳಿಗೆ ಹೇಳಿ ಟೀಚರ್, ಮರೆಯೋದಿಲ್ಲ.

ಪೊನ್ನಂಪೇಟೆ ಟೀಚರ್

ಖಂಡಿತ ಹೇಳುತ್ತೇನೆ. ನೀವೆಲ್ಲ ಇಷ್ಟು ಆಸಕ್ತಿಯಿಂದ ಬರೆಯುತ್ತಿರುವುದು ನೋಡಿ ಬಹಳ ಸಂತೋಷ ಆಗುತ್ತಿದೆ.

ಹಾಗಾದರೆ ಕಾಫಿ ಬೀಜವೂ ಇದೇ ರೀತಿ ಅಲ್ವಾ? ನಮ್ಮ ಬಿಸಿಲು ಬೀಜವಾಗಿ ಬೇರೆ ದೇಶಕ್ಕೆ ಹೋಗುತ್ತದೆ.

ಸಿದ್ದಾಪುರ ತೋಟ

ಬೀಜ ಹೋಗುತ್ತದೆ ನಿಜ. ಆದರೆ ಕುಡಿಯುವವರಿಗೆ ಅದರಿಂದ ಶಕ್ತಿ ಸಿಗೋದು ಏನೂ ಇಲ್ಲ ಅನ್ನಬಹುದು. ಹಾಲು ಸಕ್ಕರೆ ಇಲ್ಲದ ಒಂದು ಲೋಟ ಕಾಫಿಯಲ್ಲಿ ಎರಡು ಕಿಲೊಕ್ಯಾಲರಿ ಇದ್ದರೆ ಹೆಚ್ಚು. ಬೀಜದಲ್ಲಿದ್ದ ಶಕ್ತಿಯಲ್ಲಿ ಬಹುಪಾಲು ಗಷ್ಟಿನಲ್ಲಿ ಉಳಿಯುತ್ತದೆ, ಅದನ್ನು ಎಸೆಯುತ್ತಾರೆ.

ನಾನು ಒಂದು ಲೆಕ್ಕ ಮಾಡಿ ನೋಡಿದೆ. ಒಣ ಎಲೆಯಲ್ಲಿ ಗ್ರಾಂಗೆ ಸುಮಾರು 4 ಕಿಲೊಕ್ಯಾಲರಿ ಅಂದರೆ, ಒಂದು ಟನ್ ತರಗೆಲೆಯಲ್ಲಿ 40 ಲಕ್ಷ. ಒಬ್ಬ ಮನುಷ್ಯನಿಗೆ ವರ್ಷಕ್ಕೆ ಎಂಟೊಂಬತ್ತು ಲಕ್ಷ ಬೇಕು. ಒಂದು ಟನ್ ಎಲೆಯಲ್ಲಿ ನಾಲ್ಕೈದು ಜನರ ವರ್ಷದ ಊಟದಷ್ಟು ಶಕ್ತಿ! ನಮ್ಮ ಹೊಟ್ಟೆಗೆ ಅದನ್ನು ಜೀರ್ಣ ಮಾಡುವ ತಾಕತ್ತಿಲ್ಲ, ಬೂಷ್ಟಿಗೆ ಇದೆ. ಅಷ್ಟನ್ನು ಗುಡಿಸಿ ಬೆಂಕಿ ಇಡುವವರನ್ನು ಕಂಡರೆ ನನಗೆ ನಿಜವಾಗಲೂ ಹೊಟ್ಟೆ ಉರಿಯುತ್ತದೆ. ಎರೆಹುಳುವಿನಿಂದ ನವರಂಗದ ತನಕ ಎಷ್ಟು ಜೀವಗಳ ಊಟ ಅದು.

ಸೋಮವಾರಪೇಟೆ ಅರೇಬಿಕಾ

ಸುಡೋದು ಬೇಡ ಅಂತ ನಾನೂ ಒಪ್ಪುತ್ತೇನೆ. ಆದರೆ ಕಳೆನಾಶಕ ಹೊಡೆಯೋರ ಮೇಲೂ ಮುಂದಿನ ಮಾತು ಬರುತ್ತೆ ಅಂತ ಗೊತ್ತು, ಅದಕ್ಕೇ ಹೇಳ್ತಿದ್ದೇನೆ. ಕೆಲಸಕ್ಕೆ ಜನ ಸಿಗೋದಿಲ್ಲ. ಮಳೆಗಾಲದಲ್ಲಿ ಕಳೆ ಮಂಡಿಯುದ್ದ ಬರುತ್ತೆ. ಎಲ್ಲಾ ಕಡೆ ಕತ್ತಿಯಲ್ಲಿ ಸವರಿಸೋಕೆ ಆಗಲ್ಲ. ಸಣ್ಣ ಬೆಳೆಗಾರರ ಕಷ್ಟವನ್ನೂ ನೋಡಿ.

ಸಿದ್ದಾಪುರ ತೋಟ

ನಿಮ್ಮ ಕಷ್ಟ ನನ್ನದೂ ಹೌದು. ಪೂರ್ತಿ ಬಿಡಿ ಅಂತ ಹೇಳೋಕೆ ನಾನು ಯಾರು? ನಾವು ಗಿಡದ ಬುಡ ಮಾತ್ರ ಬಿಡಿಸಿ, ಸಾಲಿನ ನಡುವೆ ಕಳೆಯನ್ನು ಮೆಷೀನಿನಲ್ಲಿ ಮೇಲೆ ಮೇಲೆ ಸವರುತ್ತೇವೆ. ಸವರಿದ ಹಸಿರು ಅಲ್ಲೇ ಬಿದ್ದು ಕೊಳೆಯುತ್ತದೆ. ಇಳಿಜಾರಿನಲ್ಲಿ ಮಣ್ಣೂ ನಿಲ್ಲುತ್ತದೆ. ಒಂದು ಮೂಲೆಯಲ್ಲಿ ಮಾಡಿ ನೋಡಿ.

ಅರಣ್ಯ ಕಾಲೇಜು ವಿದ್ಯಾರ್ಥಿ

ವಿಷದ ಮಾತು ಬಂದದ್ದಕ್ಕೆ ಒಂದು ಸೇರಿಸುತ್ತೇನೆ. ಪರೀಕ್ಷೆಗೂ ಇದು ಬರುತ್ತದೆ. ಶಕ್ತಿ ಪ್ರತಿ ಮೆಟ್ಟಿಲಲ್ಲಿ ಸೋರಿಹೋಗುತ್ತದೆ. ಕೆಲವು ವಿಷಗಳು ಸೋರುವುದಿಲ್ಲ, ಕೊಬ್ಬಿನಲ್ಲಿ ಕೂತುಬಿಡುತ್ತವೆ. ಒಂದು ಕಪ್ಪೆ ಬೆಳೆಯಲು ಎಷ್ಟೋ ಹುಳು ತಿನ್ನಬೇಕು, ಒಂದು ಹಾವು ಬೆಳೆಯಲು ಎಷ್ಟೋ ಕಪ್ಪೆ. ಆಹಾರದ ಶಕ್ತಿ ಖರ್ಚಾಗುತ್ತಾ ಹೋಗುತ್ತದೆ, ವಿಷ ಒಟ್ಟಾಗುತ್ತಾ ಹೋಗುತ್ತದೆ. ಹಾಗಾಗಿ ತುದಿಯಲ್ಲಿರುವ ಗಿಡುಗಕ್ಕೆ, ನೀರುನಾಯಿಗೆ, ಮನುಷ್ಯರಿಗೆ ಪಾಲು ಜಾಸ್ತಿ. ಡಿಡಿಟಿ ಅನ್ನುವ ಕೀಟನಾಶಕ ಇದಕ್ಕೆ ಹೆಸರಾದ ಉದಾಹರಣೆ. ಬಿಳಿ ಕಾಂಡಕೊರಕ ಹುಳುವಿಗೆ ಕಾಫಿ ಕಾಂಡದ ಮೇಲೆ ಬಿಎಚ್‌ಸಿ ಬಳಿಯುತ್ತಿದ್ದದ್ದು ಹಳೆಯ ಬೆಳೆಗಾರರಿಗೆ ನೆನಪಿರುತ್ತದೆ. ಅದೂ ಇದೇ ಜಾತಿಯದ್ದು. ನಮ್ಮ ದೇಶದಲ್ಲಿ 1997ರಲ್ಲಿ ಅದನ್ನು ನಿಷೇಧಿಸಿದರು.

ಕುಟ್ಟ ಕಡೆಯವರು

ಎಲ್ಲರೂ ತರಗೆಲೆ, ಎರೆಹುಳು ಅಂತ ಹೇಳುತ್ತಿದ್ದೀರಿ. ನಮ್ಮ ಕಡೆ ಹುಲಿ ಕೊಟ್ಟಿಗೆ ಹತ್ತಿರ ಬರುತ್ತದೆ. ಹಾಲು ಕೊಡುವ ಹಸು ಹೋದರೆ ಆ ಮನೆಯ ಸಂಪಾದನೆಯೇ ಹೋಯಿತು. ಕಾಡಿನಲ್ಲಿ ಅಷ್ಟೊಂದು ಜಿಂಕೆ ಇರುವಾಗ ತೋಟಕ್ಕೆ ಯಾಕೆ ಬರಬೇಕು? ಹುಲಿ ಜಾಸ್ತಿ ಆಯಿತು ಅಂತ ಊರಲ್ಲಿ ಹೇಳುತ್ತಾರೆ. ಇದನ್ನೂ ನಿಮ್ಮ ಲೆಕ್ಕದಲ್ಲಿ ಹೇಳಿ ನೋಡೋಣ.

ಅರಣ್ಯ ಕಾಲೇಜು ವಿದ್ಯಾರ್ಥಿ

ಅಣ್ಣ, ಹಸು ಕಳೆದುಕೊಂಡ ಮನೆಯವರ ಮುಂದೆ ಕೂತು ಲೆಕ್ಕ ಹೇಳುವುದು ಕಷ್ಟ. ಆದರೂ ನೀವು ಕೇಳಿದ್ದೀರಿ, ಗೊತ್ತಿರುವಷ್ಟು ಹೇಳುತ್ತೇನೆ.

ನಾಗರಹೊಳೆಯಲ್ಲಿ ಉಲ್ಲಾಸ ಕಾರಂತರು ದಶಕಗಟ್ಟಲೆ ಹುಲಿಗಳನ್ನೂ ಅವುಗಳ ಬೇಟೆಯನ್ನೂ ಅಧ್ಯಯನ ಮಾಡಿದ್ದಾರೆ. ಒಂದು ಹುಲಿಗೆ ವರ್ಷಕ್ಕೆ ಜಿಂಕೆ, ಕಡವೆಯಂಥ 50ರಷ್ಟು ಪ್ರಾಣಿ ಬೇಕು. ಹಿಂಡು ಕರಗದೆ ಉಳಿಯಬೇಕಾದರೆ ಹತ್ತರಲ್ಲಿ ಒಂದನ್ನು ಮಾತ್ರ ಹುಲಿ ತೆಗೆಯಬಹುದು. ಅಂದರೆ ಒಂದು ಹುಲಿಯ ಹಿಂದೆ ಸುಮಾರು 500 ಗೊರಸಿನ ಪ್ರಾಣಿಗಳು ಇರಬೇಕು. ಆ 500ಕ್ಕೆ ಬೇಕಾದಷ್ಟು ಹುಲ್ಲು, ಸೊಪ್ಪು ಇರಬೇಕು. ನಾಗರಹೊಳೆ ರಾಷ್ಟ್ರೀಯ ಉದ್ಯಾನ ಕೊಡಗು, ಮೈಸೂರು ಎರಡೂ ಜಿಲ್ಲೆ ಸೇರಿ 643 ಚದರ ಕಿಲೋಮೀಟರ್. ಅಲ್ಲಿ ಹುಲಿಯ ಜೊತೆಗೆ ಚಿರತೆ, ಸೀಳುನಾಯಿ ಕೂಡ ಇವೆ. ಹುಲಿ ಹೆಚ್ಚಾಗಿ ಕಾಟಿ, ಕಡವೆಯಂಥ ದೊಡ್ಡದನ್ನು ಹಿಡಿಯುತ್ತದೆ. ಉಳಿದೆರಡು ಜಿಂಕೆಯ ಗಾತ್ರದವನ್ನು. ಹಾಗೆ ಹಂಚಿಕೊಂಡು ಬದುಕುತ್ತವೆ.

ಇನ್ನು ಬುಡದ ಹುಲ್ಲು. ಕಾಡಿನ ಒಳಗೆ ಲಂಟಾನ ಎಷ್ಟು ಹಬ್ಬಿದೆ ಅಂತ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಅಮೆರಿಕ ಖಂಡದಿಂದ ಬಂದ ಗಿಡ ಅದು. ಬಿಸಿಲನ್ನು ಅದೂ ಹಿಡಿಯುತ್ತದೆ, ಆದರೆ ಜಿಂಕೆಗೆ ಆ ಎಲೆ ಊಟವಲ್ಲ. ಹಸಿರು ಇರುತ್ತದೆ, ಮೇವು ಇರುವುದಿಲ್ಲ. ಬಿಸಿಲು ಅಷ್ಟೇ ಬಿದ್ದರೂ ಹುಲಿಯ ತನಕ ಹೋಗುವ ದಾರಿ ಕಿರಿದಾಗುತ್ತದೆ.

ದನ ಹಿಡಿಯುವುದಕ್ಕೆ ಬೇರೆ ಕಾರಣಗಳೂ ಇವೆ. ವಯಸ್ಸಾದ, ಗಾಯವಾದ, ಅಥವಾ ಬೇರೆ ಹುಲಿಯಿಂದ ಸೋತು ತನ್ನ ಜಾಗ ಬಿಟ್ಟ ಹುಲಿಗಳು ಕಾಡಿನ ಅಂಚಿಗೆ ಬರುತ್ತವೆ. ಬೇಟೆಗೂ ಶಕ್ತಿ ಖರ್ಚು ಮಾಡಬೇಕು. ಓಡದ, ಕೊಂಬು ತಿರುಗಿಸದ ಹಸು ಅದಕ್ಕೆ ಕಡಿಮೆ ಖರ್ಚಿನ ಊಟ.

ಕುಟ್ಟ ಕಡೆಯವರು

ಲಂಟಾನದ ಮಾತು ನಿಜ. ನಮ್ಮ ಅಜ್ಜ ದನ ಮೇಯಿಸುತ್ತಿದ್ದ ಹಡ್ಲು ಈಗ ಒಳಗೆ ನಡೆಯೋಕೂ ಆಗದ ಹಾಗೆ ಲಂಟಾನ ಆಗಿದೆ. ಕೆಲವು ವರ್ಷದ ಹಿಂದೆ ಬಿದಿರೆಲ್ಲ ಹೂಬಿಟ್ಟು ಸತ್ತಿತು. ಆ ವರ್ಷ ಬಿದಿರಕ್ಕಿ ನೆಲದ ತುಂಬ ಬಿದ್ದಿತ್ತು, ಇಲಿಗಳೂ ಹೆಚ್ಚಾದವು. ಆಮೇಲೆ ಆನೆಗೆ ಬಿದಿರು ಇಲ್ಲ. ನೀವು ಹೇಳುವ ಶಕ್ತಿ ಒಂದು ವರ್ಷ ಉಕ್ಕಿ, ಆಮೇಲೆ ಬತ್ತಿ ಹೋದಂತೆ ಆಯಿತು. ಮಕ್ಕಳಿಗೆ ಹುಲಿಯ ಪಾಠ ಮಾಡುವಾಗ ಕಾಡಂಚಿನ ಮನೆಗಳ ಮಾತನ್ನೂ ಹೇಳಿ ಟೀಚರ್.

ಪೊನ್ನಂಪೇಟೆ ಟೀಚರ್

ಹೇಳುತ್ತೇನೆ. ನನ್ನ ಕ್ಲಾಸಿನಲ್ಲೇ ಅಂಥ ಮನೆಯ ಮಕ್ಕಳಿದ್ದಾರೆ. ಅವರೇ ಎದ್ದು ನಿಂತು ಹೇಳಲಿ.

ಕಕ್ಕಬ್ಬೆ ಜೇನು

ನಾನು ಜೇನಿನವನು. ಹೂಮಳೆ ಬಿದ್ದು ಕಾಫಿ ಅರಳಿದಾಗ ಇಡೀ ಬೆಟ್ಟ ಬೆಳ್ಳಗಾಗುತ್ತದೆ. ತುಡುವೆ, ಹೆಜ್ಜೇನು ಎರಡೂ ಹೂವಿಗೆ ಮುತ್ತುತ್ತವೆ. ಒಂದು ಕಿಲೋ ಜೇನುತುಪ್ಪದಲ್ಲಿ 3,000 ಕಿಲೊಕ್ಯಾಲರಿ ಇರುತ್ತದೆ. ಹೂವಿನ ಒಂದೊಂದು ಹನಿ ಮಕರಂದ ಸೇರಿ ಆದದ್ದು. ಗಿಡ ತನ್ನ ಶಕ್ತಿಯಲ್ಲಿ ಸ್ವಲ್ಪವನ್ನು ತಾನಾಗಿ ಕೊಡುವ ಜಾಗ ಇದೊಂದು. ಬದಲಿಗೆ ಪರಾಗಸ್ಪರ್ಶ ಆಗುತ್ತದೆ. ಹೆಜ್ಜೇನಿಗೆ ಜೇನುಗಿಡುಗ ಇದೆ, ತುಪ್ಪಕ್ಕೆ ಕರಡಿ ಇದೆ, ಹಾರುವ ನೊಣಕ್ಕೆ ಜೇನು ಹಿಡಿಯುವ ಹಸಿರು ಹಕ್ಕಿ ಇದೆ, ಎರಿಗೆ ಮೇಣದ ಹುಳು ಇದೆ. ಮಕ್ಕಳಿಂದ ಇದನ್ನೂ ಬರೆಸಿ.

ಮಡಿಕೇರಿ ಅಮ್ಮ

ನನ್ನ ಮಗನೂ ಇದೇ ಪಾಠ ಓದುತ್ತಿದ್ದಾನೆ, ಅದಕ್ಕೆ ಎಲ್ಲವನ್ನೂ ಓದುತ್ತಾ ಕೂತಿದ್ದೇನೆ. ಅವನ ಪ್ರಶ್ನೆ ಇದು: ಉಂಬಳ ಹುಲಿಯ ರಕ್ತವನ್ನೂ ಹೀರುತ್ತೆ. ಹಾಗಾದ್ರೆ ಉಂಬಳ ಹುಲಿಗಿಂತ ಮೇಲಿನ ಮೆಟ್ಟಿಲಾ?

ಮತ್ತೆ ಮೊದಲ ಮಳೆಗೆ ದೀಪದ ಸುತ್ತ ಬರುವ ಈಸಲು ಹುಳುಗಳನ್ನು ಎಲ್ಲಿ ಬರೆಯಬೇಕು ಅಂತಲೂ ಕೇಳುತ್ತಿದ್ದಾನೆ.

ಅರಣ್ಯ ಕಾಲೇಜು ವಿದ್ಯಾರ್ಥಿ

ಅಕ್ಕ, ಹುಲಿಯ ರಕ್ತ ಕುಡಿದ ಉಂಬಳ ಆ ಊಟದ ಮಟ್ಟಿಗೆ ಹುಲಿಗಿಂತ ಮೇಲೆಯೇ. ಅದೇ ಉಂಬಳ ನಾಳೆ ಕಡವೆಗೆ ಹತ್ತಿದರೆ ಒಂದು ಮೆಟ್ಟಿಲು ಕೆಳಗೆ ಬಂತು. ಪರಾವಲಂಬಿಗಳನ್ನು ಲೆಕ್ಕಕ್ಕೆ ತಂದರೆ, ಪ್ರತಿ ಮೆಟ್ಟಿಲಲ್ಲಿ ಎಷ್ಟು ಜೀವಿಗಳಿವೆ ಅಂತ ಎಣಿಸಿ ಒಂದರ ಮೇಲೊಂದು ಜೋಡಿಸುವ ಸಂಖ್ಯೆಯ ಪಿರಮಿಡ್ ತಲೆಕೆಳಗೆ ಆಗುತ್ತದೆ. ಒಂದು ಅತ್ತಿ ಮರ, ಅದರ ಮೇಲೆ ಸಾವಿರಾರು ಹುಳು ಇದ್ದಾಗಲೂ ಹಾಗೇ. ಶಕ್ತಿಯ ಪಿರಮಿಡ್ ಮಾತ್ರ ಎಂದೂ ತಲೆಕೆಳಗಾಗುವುದಿಲ್ಲ. ಕೆಳಗಿನ ಮೆಟ್ಟಿಲಿಗೆ ವರ್ಷಕ್ಕೆ ಬಂದದ್ದಕ್ಕಿಂತ ಹೆಚ್ಚು ಶಕ್ತಿ ಮೇಲಿನದಕ್ಕೆ ಸಿಗುವ ದಾರಿಯೇ ಇಲ್ಲ. ಸಂಖ್ಯೆಯ ಪಿರಮಿಡ್ ಬಗ್ಗೆ 1927ರಲ್ಲಿ ಬರೆದವರು ಇಂಗ್ಲೆಂಡಿನ ಚಾರ್ಲ್ಸ್ ಎಲ್ಟನ್. ಪ್ರಾಣಿಗಳನ್ನು ಎಣಿಸುವ ಬದಲು ಶಕ್ತಿಯನ್ನು ಅಳೆದು ನೋಡಬೇಕು ಅಂತ ದಾರಿ ತೋರಿಸಿದವರು ಅಮೆರಿಕದ ರೇಮಂಡ್ ಲಿಂಡೆಮನ್. ಮಿನ್ನೆಸೋಟದ ಒಂದು ಸಣ್ಣ ಕೆರೆಯಲ್ಲಿ ಕೆಲಸ ಮಾಡಿ ಲೇಖನ ಬರೆದರು. ಪರಿಶೀಲಿಸಿದವರು ಮೊದಲು ಅದನ್ನು ಒಪ್ಪಲಿಲ್ಲ. ಅದು 1942ರಲ್ಲಿ ಅಚ್ಚಾಗುವ ಮೊದಲೇ, 26ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು. ಮಕ್ಕಳಿಗೆ ಈ ಹೆಸರನ್ನು ಹೇಳಬೇಕು ಅಂತ ನನಗೆ ಬಹಳ ಆಸೆ.

ಈಸಲು ಅಂದರೆ ರೆಕ್ಕೆ ಬಂದ ಗೆದ್ದಲು. ಹುತ್ತದ ಒಳಗೆ ಗೆದ್ದಲು ಒಣ ಮರ, ತರಗೆಲೆ ಅಗಿದು ಅದರ ಮೇಲೆ ಅಣಬೆಯ ತೋಟ ಮಾಡುತ್ತದೆ. ವರ್ಷವಿಡೀ ಕೂಡಿಟ್ಟ ಆ ಶಕ್ತಿ ಮೊದಲ ಮಳೆಗೆ ಈಸಲಾಗಿ ಹಾರುತ್ತದೆ. ಕಪ್ಪೆ, ಹಲ್ಲಿ, ಕಾಜಾಣ, ನಾಯಿ, ಬೆಕ್ಕು ಎಲ್ಲಕ್ಕೂ ಹಬ್ಬ. ಅದೇ ಹುತ್ತದ ಮೇಲೆ ಏಳುವ ಅಣಬೆ ನಮ್ಮ ಅಡುಗೆ ಮನೆಗೆ ಬರುತ್ತದೆ. ಸತ್ತ ಮರದ ಕೊಂಬೆಯಿಂದ ನಮ್ಮ ತಟ್ಟೆಗೆ ಎರಡೇ ಹೆಜ್ಜೆ.

ಭಾಗಮಂಡಲ ಹೊಳೆ

ತೋಡನ್ನು ಮರೆತಿರಿ. ಕಾಡಿನ ಒಳಗಿನ ತೋಡಿಗೆ ಬಿಸಿಲೇ ಬೀಳುವುದಿಲ್ಲ, ಪಾಚಿ ಬೆಳೆಯುವುದು ಕಡಿಮೆ. ಆದರೂ ಕಲ್ಲು ಎತ್ತಿದರೆ ಹುಳು, ಕಲ್ಲಿನ ಸಂದಿಯಲ್ಲಿ ಏಡಿ, ಮೀನು ಇರುತ್ತವೆ. ಅವೆಲ್ಲ ಬದುಕುವುದು ಮೇಲಿನ ಮರದಿಂದ ಬಿದ್ದ ಎಲೆಯಿಂದ. ದಡದ ಮರ ಕಡಿದರೆ ಮೀನು ಯಾಕೆ ಕಡಿಮೆ ಆಗುತ್ತದೆ ಅಂದರೆ ಇದೂ ಒಂದು ಕಾರಣ. ದೇವರಕಾಡಿನ ಪಕ್ಕದ ತೋಡಿಗೆ ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಿ. ಜಿಲ್ಲೆಯಲ್ಲಿ ಸಾವಿರಕ್ಕೂ ಹೆಚ್ಚು ದೇವರಕಾಡುಗಳಿವೆ, ನಿಮ್ಮ ಶಾಲೆಯ ಹತ್ತಿರ ಒಂದಾದರೂ ಇರುತ್ತದೆ.

ಪೊನ್ನಂಪೇಟೆ ಟೀಚರ್

ಇದೆ, ನಡೆದು ಹೋಗುವಷ್ಟು ಹತ್ತಿರ ಇದೆ. ಊರಿನ ಹಿರಿಯರನ್ನು ಕೇಳಿಕೊಂಡು ಹೋಗುತ್ತೇವೆ, ಒಳಗಿನದು ಏನನ್ನೂ ತೆಗೆಯುವುದಿಲ್ಲ.

ಕೊನೆಯದಾಗಿ ಒಂದು ಸಹಾಯ ಬೇಕು. ತರಗೆಲೆಯ ಶಕ್ತಿಯನ್ನು ಮಕ್ಕಳೇ ಅಳೆಯುವ ಹಾಗೆ ಏನಾದರೂ ಮಾಡಬಹುದಾ? ಶಾಲೆಯಲ್ಲಿ ತಕ್ಕಡಿ ಇದೆ, ಬೇರೆ ಸಲಕರಣೆ ಇಲ್ಲ.

ಅರಣ್ಯ ಕಾಲೇಜು ವಿದ್ಯಾರ್ಥಿ

ತಕ್ಕಡಿ ಸಾಕು ಮೇಡಂ. ಮೀಟರ್ ಉದ್ದ, ಮೀಟರ್ ಅಗಲದ ನೈಲಾನ್ ಬಲೆಯನ್ನು ನಾಲ್ಕು ಗೂಟಕ್ಕೆ ಕಟ್ಟಿ, ನೆಲದಿಂದ ಮಂಡಿ ಎತ್ತರಕ್ಕೆ ಮರದ ಕೆಳಗೆ ಇಡಿ. ವಾರಕ್ಕೊಮ್ಮೆ ಬಿದ್ದ ಎಲೆ ತೆಗೆದು, ಚೆನ್ನಾಗಿ ಒಣಗಿಸಿ ತೂಗಿ. ಗ್ರಾಂಗೆ ನಾಲ್ಕರಿಂದ ಗುಣಿಸಿದರೆ ಆ ಒಂದು ಚದರ ಮೀಟರಿಗೆ ಬಿದ್ದ ಕಿಲೊಕ್ಯಾಲರಿ ಸಿಗುತ್ತದೆ.

ಯಾರು ತಿನ್ನುತ್ತಾರೆ ಅಂತ ನೋಡಲು ಎರಡು ಥರದ ಚೀಲ ಮಾಡಿ. ಒಂದು ಸೊಳ್ಳೆಪರದೆಗಿಂತ ನಯವಾದ ಬಟ್ಟೆಯದು, ಇನ್ನೊಂದು ದೊಡ್ಡ ಕಣ್ಣಿನ ಬಲೆಯದು. ಎರಡರಲ್ಲೂ ಒಂದೇ ತೂಕದ ಒಣ ಎಲೆ ತುಂಬಿ ತರಗೆಲೆಯ ಕೆಳಗೆ ಇಡಿ. ನಯವಾದ ಚೀಲಕ್ಕೆ ಬೂಷ್ಟು, ಬ್ಯಾಕ್ಟೀರಿಯಾ ಮಾತ್ರ ಹೋಗುತ್ತವೆ. ದೊಡ್ಡ ಕಣ್ಣಿನದಕ್ಕೆ ಎರೆಹುಳು, ಗೆದ್ದಲು ಕೂಡ. ತಿಂಗಳಿಗೊಮ್ಮೆ ಒಂದೊಂದು ಚೀಲ ತೆಗೆದು ಒಣಗಿಸಿ ತೂಗಿದರೆ ವ್ಯತ್ಯಾಸ ಕಾಣುತ್ತದೆ. ಕಾಫಿ ಎಲೆಗೆ ಒಂದು ಜೊತೆ, ಅತ್ತಿ ಎಲೆಗೆ ಒಂದು ಜೊತೆ, ಸಿಲ್ವರ್ ಎಲೆಗೆ ಒಂದು ಜೊತೆ ಇಡಿ.

ಸಿದ್ದಾಪುರ ತೋಟ

ಜಾಗ ನಾನು ಕೊಡುತ್ತೇನೆ ಟೀಚರ್. ಮನೆ ಹತ್ತಿರದ ಬ್ಲಾಕಿನಲ್ಲಿ ಅತ್ತಿ, ಸಿಲ್ವರ್ ಎರಡೂ ಇವೆ. ಕಣ್ಣಳತೆಯಲ್ಲೇ ಇರುವುದರಿಂದ ಆನೆ ಬಂದರೂ ಗೊತ್ತಾಗುತ್ತದೆ. ಕಾಫಿ ಕೊಯ್ಲು ಮುಗಿಯುವ ಹೊತ್ತಿಗೆ ಬಲೆ ಕಟ್ಟಿ, ಎಲೆ ಜಾಸ್ತಿ ಉದುರುವುದು ಆಗಲೇ. ಚೀಲಗಳನ್ನು ಮಾತ್ರ ಮಳೆಗೆ ಮುಂಚೆ, ಮೇ ಕೊನೆಯಲ್ಲಿ ಇಡಿ. ಒಣಗಿಸಲು ನಮ್ಮ ಕಾಫಿ ಕಣ ಇದೆ. ಮಕ್ಕಳನ್ನು ಬೆಳಿಗ್ಗೆ ಎಂಟರ ಮೇಲೆ ಕರೆತನ್ನಿ, ಅದಕ್ಕೆ ಮುಂಚೆ ತೋಟದೊಳಗೆ ಬೇಡ. ಪ್ರಶ್ನೆ ಕೇಳಿದ ಹುಡುಗಿಯನ್ನು ಮರೆಯದೆ ಕರೆದುಕೊಂಡು ಬನ್ನಿ, ಮೊದಲ ಚೀಲ ಅವಳೇ ಇಡಲಿ.